ಬಿಲ್ಲಿಲ್ಲದ ಬಿಳುಪು ಕ್ರೀಮಿನ ಡಬ್ಬಿ ಕುರಿತು

ಔಷಧ ಮತ್ತು ಸೌಂದರ್ಯವರ್ಧಕಗಳ ನಿಯಂತ್ರಣಾಧಿಕಾರಿಗಳಾದ ಮಾನ್ಯರೇ,

ಕಳೆದ ಮಂಗಳವಾರ ನಾನು ನಿಮ್ಮ ಮೇಜಿನ ಮೇಲಿಟ್ಟ ಮುಖದ ಕ್ರೀಮಿನ ಡಬ್ಬಿಯನ್ನು ನೀವು ಪರೀಕ್ಷೆಗೆ ಕಳಿಸಲಿಲ್ಲ. ಒಂದೇ ಬೆರಳಿಂದ ನನ್ನ ಕಡೆಗೇ ತಳ್ಳಿದಿರಿ. ಆ ಬೆರಳು ಕ್ಷೇಮವೆಂದು ನಂಬಿದ್ದೇನೆ. ನಿಮ್ಮ ಕೋಣೆಗೆ ಬಿಸಿಲು ಬರುವುದಿಲ್ಲವಲ್ಲ.

ನಾನು ತೂತುಕುಡಿಯ ಉಪ್ಪಿನ ಆಗರದಲ್ಲಿ ಮೂವತ್ತೆರಡು ವರ್ಷದಿಂದ ಮೇಸ್ತ್ರಿ. ಓದಿದ್ದು ಊರ ಶಾಲೆಯಲ್ಲಿ ಎಂಟನೇ ತರಗತಿ. ಆದರೂ ಉಪ್ಪನ್ನು ನಾಲಿಗೆಗೆ ಮುಟ್ಟಿಸದೆ, ಹರಳು ನೋಡಿಯೇ ಅದು ಯಾವ ಪಾತಿಯದೆಂದು ಹೇಳಬಲ್ಲೆ. ಪ್ರಯೋಗಾಲಯವನ್ನೇ ಇಟ್ಟುಕೊಂಡು ಒಂದು ಡಬ್ಬಿಯಲ್ಲೇನಿದೆಯೆಂದು ಹೇಳಲಾಗದವರು ಇದನ್ನು ಬಡಾಯಿ ಎನ್ನಬಾರದು.

ನನ್ನ ತಂಗಿಯ ಮಗಳು ಇಸಕ್ಕಿ ಅದೇ ಆಗರದಲ್ಲಿ ಉಪ್ಪು ಹೊರುವವಳು. ಮಾಸಿ ತಿಂಗಳಲ್ಲಿ ಅವಳ ನಿಶ್ಚಿತಾರ್ಥವಾಯಿತು. ನಮ್ಮಲ್ಲಿ ಸೋದರಮಾವ ಹೆಣ್ಣಿಗೆ ಸೀರನ್ನು, ಅಂದರೆ ಉಡುಗೊರೆಗಳನ್ನು, ತಟ್ಟೆ ತಟ್ಟೆ ಹೊರಿಸಿಕೊಂಡು ಬೀದಿಯಲ್ಲಿ ಬರಬೇಕು. ಮಿಕ್ಕವರು ಹನ್ನೊಂದು ತಟ್ಟೆ ತಂದರೆ ನಾನು ಮೂವತ್ತೊಂದು ತಂದೆ. ಒಂದು ತಟ್ಟೆಯ ತುಂಬ ಅಲಂಕಾರದ ಸಾಮಾನು, ಅದರ ನಡುವೆ ಗೋಪುರದಂತೆ ಆರು ಡಬ್ಬಿ ಬಿಳುಪು ಕ್ರೀಮು. ಸೀರಿನ ವಸ್ತುವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮುಚ್ಚಿ ಕೊಟ್ಟರೆ ಜಿಪುಣನೆನ್ನುತ್ತಾರೆ, ಬೆಲೆಯ ಚೀಟಿ ಉಳಿಸಿದರೆ ಬೀದಿಯೇ ನಗುತ್ತದೆ. ಆದ್ದರಿಂದ ಪೆಟ್ಟಿಗೆಗಳನ್ನು ಹರಿದೆಸೆದು, ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದವನು ನಾನೇ.

"ಬಿಲ್ಲೂ ಇಲ್ಲ, ಪೆಟ್ಟಿಗೇನೂ ಇಲ್ಲ. ಹೆಂಗೆ ಅಣ್ಣಾಚ್ಚಿ ದೂರು ಬರ್ಕೊಳ್ಳೋದು?" ಎಂದರು ನಿಮ್ಮ ಗುಮಾಸ್ತರು.

"ಸೀರಿಗೆ ಬಿಲ್ ಇಡ್ತಾರಾ ಸಾರ್? ನಿಮ್ಮ ಮದುವೇಲಿ ನಿಮ್ಮ ಹೆಂಡ್ತಿ ಮಾಮ ಇಟ್ಟಿದ್ರಾ?"

ಅವರು ನಕ್ಕರು. ನೀವು ನಗಲಿಲ್ಲ. "ಡಬ್ಬಿ ಮೇಲೆ ಒಳಗೇನಿದೆ ಅಂತಾನೇ ಬರೆದಿಲ್ಲ. ಏನನ್ನ ಹುಡುಕಿ ಅಂತ ಕಳಿಸ್ಲಿ?" ಎಂದಿರಿ. ಮಾನ್ಯರೇ, ಬರೆದಿದ್ದರೆ ಎಂಟನೇ ತರಗತಿಯವನು ತಾನೇ ಓದಿಕೊಳ್ಳುತ್ತಿರಲಿಲ್ಲವೇ? ಬರೆದಿಲ್ಲವೆಂದೇ ಅಲ್ಲವೇ ನಿಮ್ಮ ಮೆಟ್ಟಿಲು ಹತ್ತಿದ್ದು? ಹೋಗಲಿ ಎಂದು ಬಸ್ ನಿಲ್ದಾಣದೆದುರಿನ ಅಂಗಡಿಗೆ ಹೋಗಿ ಮತ್ತೊಂದು ಡಬ್ಬಿ ಹಿಡಿದು ಬಿಲ್ ಕೇಳಿದೆ. "ಈ ಮಾಲಿಗೆ ಬಿಲ್ ಬರಲ್ಲ ಅಣ್ಣಾಚ್ಚಿ, ಬೇಡಾಂದ್ರೆ ಇಟ್ಬಿಡಿ," ಎಂದ ಅಂಗಡಿಯವ. ಬಿಲ್ಲಿಲ್ಲದೆ ಮಾರಬಹುದು, ಬಿಲ್ಲಿಲ್ಲದೆ ದೂರಬಾರದು. ಈ ಕಾಯಿದೆ ಯಾರಿಗಾಗಿ ಬರೆದದ್ದು?

ಇಸಕ್ಕಿ ದಿನಕ್ಕೆರಡು ಬಾರಿ ಹಚ್ಚಿದಳು. ಇಪ್ಪತ್ತು ದಿನಕ್ಕೆ ಮುಖ ಬೆಳ್ಳಗಾಯಿತು. ನಾನು ಚಹಾ ಅಂಗಡಿಯಲ್ಲಿ ಕೂತು, ಕ್ರೀಮನ್ನು ನಾನೇ ಕಡೆದು ತೆಗೆದವನಂತೆ ಹೊಗಳಿಕೊಂಡೆ. ಆಗರದಲ್ಲಿ ಬಿಸಿಲು ಎರಡು ಕಡೆಯಿಂದ ಹೊಡೆಯುತ್ತದೆ, ಮೇಲಿನಿಂದ ಸೂರ್ಯ, ಕೆಳಗಿನಿಂದ ಉಪ್ಪು. ಎರಡು ತಿಂಗಳು ತುಂಬುವಷ್ಟರಲ್ಲಿ ಕೆನ್ನೆ ಕೆಂಡವಾಗಿ ಉರಿದು, ಸಿಪ್ಪೆ ಸುಲಿದು, ಸುಲಿದಲ್ಲೆಲ್ಲ ಕರಿ ಮಚ್ಚೆ ಎದ್ದವು. ಈಗ ಹುಡುಗಿ ಕಿಟಕಿಗೆ ಗೋಣಿ ಕಟ್ಟಿ ಒಳಗೆ ಕೂತಿದ್ದಾಳೆ. ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರಮ್ಮ ನೋಡಿ, "ಚರ್ಮ ಈರುಳ್ಳಿ ಪದರದ ಹಂಗೆ ತೆಳ್ಳಗಾಗಿದೆ, ಬಿಸಿಲು ತಡ್ಕೊಳ್ಳೋ ಶಕ್ತಿ ಇಲ್ಲ. ಸ್ಟೀರಾಯ್ಡ್ ಇರಬೋದು, ಪಾದರಸಾನೂ ಇರಬೋದು. ಪರೀಕ್ಷೆ ಆಗದೆ ಬರೆದು ಕೊಡೋಕಾಗಲ್ಲ," ಎಂದರು.

ನನಗೆ ಬೇಕಾಗಿರುವುದು ಆ ಬರಹವೇ. ಯಾಕೆಂದರೆ ನನ್ನ ಮೂವತ್ತೊಂದು ತಟ್ಟೆ ಕಂಡು ಹೊಟ್ಟೆ ಉರಿದ ಪೇಚ್ಚಿಮುತ್ತು ಎಂಬ ಇನ್ನೊಬ್ಬ ಮೇಸ್ತ್ರಿ, ತನ್ನ ಸೋದರಸೊಸೆ ಮಾರಿಸೆಲ್ವಿಗೆ ಅದೇ ಕ್ರೀಮು ಹನ್ನೆರಡು ಡಬ್ಬಿ ಕೊಟ್ಟಿದ್ದಾನೆ. ಅವಳ ಮದುವೆ ವೈಕಾಸಿ ತಿಂಗಳ ಇಪ್ಪತ್ತೇಳಕ್ಕೆ, ಇನ್ನು ಇಪ್ಪತ್ತೊಂದು ದಿನ. ದಿನವೂ ಹಚ್ಚಿಕೊಂಡೇ ಆಗರಕ್ಕೆ ಬರುತ್ತಾಳೆ. ನಿಲ್ಲಿಸು ಎಂದು ಹೇಳಲು ಹೋದೆ.

"ನೀನು ಆರು ಕೊಟ್ಟೆ, ನಾನು ಹನ್ನೆರಡು ಕೊಟ್ಟೆ. ಅದಕ್ಕೇ ಉರೀತಿದೆ ನಿಂಗೆ," ಎಂದ ಪೇಚ್ಚಿಮುತ್ತು.

"ಲೋ, ಇಸಕ್ಕಿ ಮುಖ ಬಂದು ನೋಡೋ."

"ಹೋದ ವರ್ಷ ಆಗರದಲ್ಲಿ ಮೊಸಳೆ ಬಂದಿದೆ ಅಂತ ನಮ್ಮನ್ನೆಲ್ಲ ಓಡಿಸಿದೋನು ನೀನೇ ಅಲ್ವಾ? ಸರ್ಕಾರದ ಕಾಗದ ತಾ, ನಂಬ್ತೀನಿ."

ಇಲ್ಲದ ಮೊಸಳೆಯ ಹೆಸರು ಹೇಳಿ ಓಡಿಸಿದ್ದು ನಿಜ. ಇಸಕ್ಕಿಯನ್ನೇ ಕರೆದೊಯ್ದು ತೋರಿಸೋಣವೆಂದರೆ ಅವಳು ಹೊಸ್ತಿಲು ದಾಟಲಿಲ್ಲ. "ನನ್ನ ಮುಖಾನ ಊರೆಲ್ಲ ತೋರಿಸ್ಕೊಂಡು ಬರೋದು ಬೇಡ ಮಾಮಾ. 'ತಂದ್ಕೊಟ್ಟಿದ್ದು ನಾನೇ' ಅಂತ ನೀನೇ ಪೇಪರ್ನಲ್ಲಿ ಬರಿ. ನಿನ್ ಜಂಬಾನ ನಂಬಿದೋರು ಇದನ್ನೂ ನಂಬಲಿ," ಎಂದಳು. ಅವಳ ಮಾತಿನಂತೆ ಈ ಪತ್ರವನ್ನು ಪೇಪರಿಗೇ ಬರೆದಿದ್ದೇನೆ.

ಆದ್ದರಿಂದ ನನ್ನ ಆಗ್ರಹ ಇಷ್ಟು. ಸೋಮವಾರ ಬೆಳಿಗ್ಗೆ ಅದೇ ಡಬ್ಬಿಯೊಂದಿಗೆ ಬರುತ್ತೇನೆ. ಪರೀಕ್ಷೆಗೆ ಕಳಿಸಿ. ಉತ್ತರ ಬರಲು ತಿಂಗಳು ಹಿಡಿಯುತ್ತದೆ ಎನ್ನುವುದಾದರೆ, ಅಲ್ಲಿಯವರೆಗೆ ಈ ಕ್ರೀಮು ಹಚ್ಚಬೇಡಿ, ಮಾರಬೇಡಿ ಎಂದು ಒಂದು ಸಾಲು ಬರೆದು, ಮೊಹರು ಹಾಕಿ ನನ್ನ ಕೈಗೆ ಕೊಡಿ. ಪೇಚ್ಚಿಮುತ್ತುವಿನ ಮನೆಗೆ ನಾನೇ ಓಡುತ್ತೇನೆ. ದೂರಿಗೆ ಆರೋಪಿಯ ಹೆಸರು ಬೇಕೇ ಬೇಕೆಂದರೆ, ಮೊದಲನೆಯ ಸಾಲಿನಲ್ಲಿ ನನ್ನದನ್ನೇ ಬರೆದುಕೊಳ್ಳಿ. ಎರಡನೆಯ ಸಾಲನ್ನು ತುಂಬುವುದು ನಿಮ್ಮ ಕೆಲಸ.

ಇಂತಿ,
ಮೂವತ್ತೊಂದು ತಟ್ಟೆ ತಂದು ಸೊಸೆಯ ಬಿಸಿಲು ಕಸಿದ ಸೋದರಮಾವ,
ಮೇಸ್ತ್ರಿ ಸುಡಲೈಮುತ್ತು