ಕೆಂಪು ಕಾರಿಗೆ ನಾಲ್ಕನೆಯ ಬ್ಯಾಟರಿ

ರಾಜಗೋಪಾಲನಗರ, ಬೆಂಗಳೂರು
೯ ಅಕ್ಟೋಬರ್ ೨೦೨೫, ಗುರುವಾರ

ಪ್ರೀತಿಯ ಸಿದ್ದಕ್ಕಾ,

ನಿನ್ನ ತಮ್ಮ ಸಂಗು ಮಾಡುವ ನಮಸ್ಕಾರ. ನಿನ್ನ ಸೊಂಟನೋವು ಈಗ ಹೇಗಿದೆ? ಹೋದ ಸಲ ಫೋನಿನಲ್ಲಿ ಕೇಳಿದಾಗ “ಆರಾಮ ಅದೀನಿ ಬಿಡಪಾ” ಅಂದೆ. ಆದರೆ ಫೋನು ಸ್ಪೀಕರಿನಲ್ಲಿತ್ತು, ನಿನ್ನ ಅತ್ತೆ ಪಕ್ಕದಲ್ಲೇ ಕೆಮ್ಮಿದ್ದು ನನಗೂ ಕೇಳಿಸಿತು. ಅದಕ್ಕೇ ಈ ಕಾಗದವನ್ನು ನಿನ್ನ ಅಂಗನವಾಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಮಕ್ಕಳಿಗೆಲ್ಲ ಬಡಿಸಿ, ಪಾತ್ರೆ ತೊಳೆದು ಮುಗಿಸಿದ ಮೇಲೆ ನಿಧಾನವಾಗಿ ಓದು. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಹತ್ತನೇ ಕ್ಲಾಸಿನ ಪರೀಕ್ಷೆ ಆದಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ನಾನು ಚೆನ್ನಾಗಿದ್ದೇನೆ. ಇಲ್ಲಿ ಜೋಳದ ರೊಟ್ಟಿ ಮಾಡುವ ಖಾನಾವಳಿ ಒಂದು ಸಿಕ್ಕಿದೆ, ನಿನ್ನ ಕೈಯ ರೊಟ್ಟಿಯಷ್ಟು ತೆಳು ಇರುವುದಿಲ್ಲ, ಆದರೂ ಹೊಟ್ಟೆಗೆ ಸಮಾಧಾನ.

ನೀನು ಪ್ರತಿ ಸಲ ಕೇಳುವ ಪ್ರಶ್ನೆ ಗೊತ್ತು. “ಈ ಕೆಲ್ಸರೆ ಹಿಡದ ಕುಂತಿಯೇನು, ಇಲ್ಲ ಇದನ್ನೂ ಬಿಟ್ಟಿ?” ಬಿಸ್ಕತ್ತಿನ ಕಾರ್ಖಾನೆ ಬಿಟ್ಟೆ, ಕೊರಿಯರ್ ಬಿಟ್ಟೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಲಿಫ್ಟ್ ಪಕ್ಕ ಕೂರುವ ಕೆಲಸವನ್ನಂತೂ ಹನ್ನೊಂದೇ ದಿನಕ್ಕೆ ಬಿಟ್ಟೆ. ಒಂದೇ ಕಡೆ ಕೂತರೆ ನನ್ನ ಕಾಲಿನಲ್ಲಿ ಇರುವೆ ಹರಿದ ಹಾಗಾಗುತ್ತದೆ, ನಿನಗೆ ಗೊತ್ತೇ ಇದೆ. ಆದರೆ ಪೀಣ್ಯದಲ್ಲಿ ಗಂಗಪ್ಪನವರ ಬ್ಯಾಟರಿ ಅಂಗಡಿ ಸೇರಿ ಎಂಟು ತಿಂಗಳಾಯಿತು, ಇನ್ನೂ ಇಲ್ಲೇ ಇದ್ದೇನೆ. ನನಗೇ ಆಶ್ಚರ್ಯ. ಯಾಕೆ ಇದ್ದೇನೆ ಎಂದು ಹೇಳಬೇಕಾದರೆ ಒಂದು ಕೆಂಪು ಕಾರಿನ ವಿಷಯ ಹೇಳಬೇಕು.

ನಮ್ಮ ಅಂಗಡಿಗೆ ಪಟ್ಟಾಭಿರಾಮ ಎಂಬ ಹಿರಿಯರು ಬರುತ್ತಾರೆ. ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದವರು. ಆಯುಷ್ಯವೆಲ್ಲ ಕಾರ್ಖಾನೆಯ ಬಸ್ಸಿನಲ್ಲೇ ಓಡಾಡಿದ ಮನುಷ್ಯ, ನಿವೃತ್ತಿಯಾದ ವರ್ಷ ಹೋಗಿ ಹಳೆಯದೊಂದು ಸ್ಪೋರ್ಟ್ಸ್ ಕಾರು ತಂದುಬಿಟ್ಟರಂತೆ. ಎರಡೇ ಸೀಟು. ಮೇಲಿನ ಹೊದಿಕೆ ಬಿಚ್ಚಿ ಹಿಂದಕ್ಕೆ ಮಡಚಬಹುದು. ಎಷ್ಟು ಕೆಳಗಿದೆ ಅಂದರೆ, ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ ಕೂರಬೇಕು. ಇಲ್ಲಿಯ ರಸ್ತೆ ಉಬ್ಬುಗಳ ಮೇಲೆ ಅದರ ಹೊಟ್ಟೆ ಕೆರೆಯುತ್ತದೆ ಎಂದು ವರ್ಷಕ್ಕೆ ನಾಲ್ಕೈದು ಸಲ ಮಾತ್ರ, ಭಾನುವಾರ ಬೆಳಿಗ್ಗೆ ಆರಕ್ಕೆ, ತುಮಕೂರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರುತ್ತಾರೆ. ಉಳಿದ ದಿನವೆಲ್ಲ ಅದು ಮನೆಯ ಪಕ್ಕದ ಶೆಡ್ಡಿನಲ್ಲಿ ನಿಂತಿರುತ್ತದೆ. ಅವರ ಹೆಂಡತಿ ಸೀತಮ್ಮನವರಿಗೆ ಆ ಕಾರನ್ನು ಕಂಡರಾಗುವುದಿಲ್ಲ. ಹಾಗಂತ ನಾನು ತಿಳಿದುಕೊಂಡಿದ್ದೆ.

ಆ ಕಾರು ಎರಡೂವರೆ ವರ್ಷದಲ್ಲಿ ಮೂರು ಬ್ಯಾಟರಿ ನುಂಗಿತ್ತು. ಆಗಸ್ಟಿನಲ್ಲಿ ಮೂರನೆಯದೂ ಸತ್ತಿತು. ಅವತ್ತು ಗಂಡ ಹೆಂಡತಿ ಅಪರೂಪಕ್ಕೆ ಅದರಲ್ಲೇ ಮದುವೆಯೊಂದಕ್ಕೆ ಹೊರಟಿದ್ದರು. ರೇಷ್ಮೆ ಸೀರೆಯುಟ್ಟ ಸೀತಮ್ಮ ಕಾರನ್ನು ಹಿಂದಿನಿಂದ ನೂಕಬೇಕಾಯಿತು. ನಾನು ಅಲ್ಲಿಗೆ ಹೋದಾಗ ಅವರು ಬೀದಿಗೆಲ್ಲ ಕೇಳುವಂತೆ ತೀರ್ಪು ಕೊಡುತ್ತಿದ್ದರು: “ಆಯುಧಪೂಜೆ ದಿನ ಈ ಕೆಂಪು ಡಬ್ಬ ತಾನಾಗೇ ಎದ್ದು ನಿಂಬೆಹಣ್ಣು ತುಳಿದ್ರೆ ಇರ್ಲಿ. ಇಲ್ದಿದ್ರೆ ಅವತ್ತೇ ಆ ಭಾನುಪ್ರಕಾಶ್‌ಗೆ ಕೊಟ್ಟು ಕೈ ತೊಳ್ಕೊಳ್ಳಿ!” ಭಾನುಪ್ರಕಾಶ್ ಪಕ್ಕದ ರಸ್ತೆಯವರು. ಕಾರು ಕೊಳ್ಳಬೇಕೆಂದು ವಾರಕ್ಕೊಮ್ಮೆ ಗೇಟಿನ ಮೇಲಿಂದ ಇಣುಕಿ ಹೋಗುತ್ತಾರೆ. ಪಟ್ಟಾಭಿರಾಮರು ಹಳದಿ ಬಟ್ಟೆಯಿಂದ ಹೆಂಡತಿಯ ಕೈಗುರುತು ಬಿದ್ದಿದ್ದ ಜಾಗವನ್ನು ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, “ಈ ಸಲ ನೀನೇ ಆರಿಸಪ್ಪ ಸಂಗಣ್ಣ. ಇದೂ ಸತ್ರೆ ಕಾರೂ ಹೋಯ್ತು ಅಂತ್ಲೇ ತಿಳ್ಕೊ,” ಅಂದರು. ನನ್ನನ್ನು ನಂಬಿ ಯಾರೂ ಯಾವತ್ತೂ ಹಾಗೆ ಏನನ್ನೂ ಬಿಟ್ಟಿರಲಿಲ್ಲ ಅಕ್ಕಾ.

ಗಂಗಪ್ಪನವರನ್ನು ಕೇಳಿದೆ. ಅವರದು ಎಲ್ಲದಕ್ಕೂ ಒಂದೇ ಮದ್ದು: “ದೊಡ್ದು ಹಾಕೋ, ಮುಗೀತು.” ಆದರೆ ದೊಡ್ಡದು ಹಿಡಿಸುವುದಿಲ್ಲ. ಆ ಕಾರಿನಲ್ಲಿ ಬ್ಯಾಟರಿ ಇಂಜಿನ್ನಿನ ಹತ್ತಿರ ಇಲ್ಲ, ಹಿಂದಿನ ಡಿಕ್ಕಿಯ ಮೂಲೆಯಲ್ಲಿ ತಂಬಿಗೆ ಇಡುವಷ್ಟು ಜಾಗದಲ್ಲಿದೆ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ವೈರು ಮುಟ್ಟುವುದಿಲ್ಲ. ಡಿಕ್ಕಿ ಮುಚ್ಚಿದ ಜಾಗವಲ್ಲವಾ, ಬ್ಯಾಟರಿ ಬಿಡುವ ಗ್ಯಾಸು ಆಚೆ ಹೋಗಲು ಸಣ್ಣದೊಂದು ಪೈಪು ಬೇರೆ ಇರಬೇಕು. ಇದನ್ನೆಲ್ಲ ನೋಡುತ್ತಾ ನೋಡುತ್ತಾ ನನಗೆ ಬೇರೆಯದೇ ಹುಳ ಹೊಕ್ಕಿತು. ಯಾವುದು ಹಾಕಬೇಕು ಎನ್ನುವುದು ಆಮೇಲಿನ ಮಾತು. ಮೂರು ಸತ್ತದ್ದಾದರೂ ಯಾಕೆ?

ಹಳೆಯದನ್ನೇ ಅಂಗಡಿಯಲ್ಲಿ ಎರಡು ದಿನ ಚಾರ್ಜಿಗಿಟ್ಟು, ತಂದು ಕೂರಿಸಿ, ಮೀಟರ್ ಹಿಡಿದೆ. ಕಾರು ಬೀಗ ಹಾಕಿ ನಿಂತಾಗಲೂ ಸ್ವಲ್ಪ ಕರೆಂಟು ಎಳೆಯುತ್ತಿರುತ್ತದೆ ಅಕ್ಕಾ, ಗಡಿಯಾರಕ್ಕೆ, ಕಳ್ಳತನದ ಅಲಾರಮ್ಮಿಗೆ. ನಿದ್ದೆಯಲ್ಲಿರುವವರು ಉಸಿರಾಡಿದ ಹಾಗೆ. ಇಲ್ಲಿ ಎಳೆಯುತ್ತಿದ್ದದ್ದು ಅಷ್ಟೇ. ಆ ಲೆಕ್ಕದಲ್ಲಿ ಒಂದು ತಿಂಗಳು ನಿಂತರೂ ಏನೂ ಆಗಬಾರದು. ನೋಡೋಣ ಎಂದು ಹಾಗೇ ಬಿಟ್ಟು ಬಂದೆ. ಒಂಬತ್ತನೇ ದಿನಕ್ಕೆ ಪೂರ್ತಿ ಖಾಲಿ! ಗಂಗಪ್ಪನವರು “ಲೋ, ನಿನ್ನನ್ನ ಬ್ಯಾಟ್ರಿ ಮಾರೋಕೆ ಇಟ್ಕೊಂಡಿದೀನೋ, ಪೋಸ್ಟ್‌ಮಾರ್ಟಮ್ ಮಾಡೋಕೋ?” ಎಂದು ರೇಗಿದರು. ಆದರೆ ನನಗೆ ತಡೆಯಲಿಲ್ಲ. ಮತ್ತೆ ಚಾರ್ಜ್ ಮಾಡಿ ಕೂರಿಸಿದೆ. ಆಮೇಲೆ ಒಳಗೆ ಕೂತು ಗಡಿಯಾರ ಸರಿಮಾಡುವಾಗ ಡ್ರೈವರ್ ಪಕ್ಕದ ಸೀಟಿನ ಸಂದಿಯಲ್ಲಿ ಒಣಗಿದ ಮಲ್ಲಿಗೆಯ ಎಸಳೊಂದು ಸಿಕ್ಕಿತು. ಪೂಜೆಯ ಹೂವಿರಬೇಕು ಅಂದುಕೊಂಡೆ.

ಮುಂದಿನ ಮಂಗಳವಾರ ಮಧ್ಯಾಹ್ನ, ಊಟವಾದ ಮೇಲೆ ಕಾಲು ನಿಲ್ಲಲಿಲ್ಲ. ಬ್ಯಾಟರಿ ಕೂರುವ ಜಾಗದ ಅಳತೆ ತೆಗೆಯುತ್ತೇನೆಂದು ನೆಪ ಹೇಳಿ ಹೊರಟೆ. ಪಟ್ಟಾಭಿರಾಮರು ಊಟ ಮಾಡಿ ಮಹಡಿಯ ಮೇಲೆ ಮಲಗುವ ಹೊತ್ತು. ಶೆಡ್ಡಿನ ಬಾಗಿಲು ಓರೆಯಾಗಿತ್ತು. ಒಳಗಿನಿಂದ ಮೆಲ್ಲಗೆ ಹಾಡು. ಇಣುಕಿದರೆ, ಸೀತಮ್ಮನವರು! ಆ ಪಕ್ಕದ ಸೀಟನ್ನು ಹಿಂದಕ್ಕೆ ಬಾಗಿಸಿಕೊಂಡು, ಚಪ್ಪಲಿ ಆಚೆ ಬಿಟ್ಟು, ಕಣ್ಣು ಮುಚ್ಚಿಕೊಂಡು ರೇಡಿಯೊ ಕೇಳುತ್ತಿದ್ದರು. ಕಾರಿನ ಫ್ಯಾನು ಸಣ್ಣಗೆ ತಿರುಗುತ್ತಿತ್ತು. ನನ್ನನ್ನು ನೋಡಿ ಬೆಚ್ಚಿಬಿದ್ದರು. “ಅಯ್ಯೋ, ಕಳ್ಳನ ಥರ ಬಂದ್ಬಿಟ್ಯಲ್ಲೋ!” ಅಂದರು. ಆಮೇಲೆ ಅವರಿಗೇ ನಗು ಬಂತು. ಯಾಕಮ್ಮಾ ಇಲ್ಲಿ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಮನೇಲಿ ಎಲ್ಲಿ ಕೂತ್ರೂ ಸೀತಾ ಕಾಫಿ, ಸೀತಾ ಕನ್ನಡಕ, ಸೀತಾ ಬಾಗಿಲಲ್ಲಿ ಯಾರು ನೋಡು. ನಲವತ್ತು ವರ್ಷ ಆಯ್ತು. ಇಲ್ಲಿ ಕೂತ್ರೆ ಯಾರೂ ಕರೆಯಲ್ಲ ಕಣೋ. ಇಲ್ಲಿರ್ತೀನಿ ಅಂತ ಯಾರಿಗೂ ಅನ್ಸೋದೇ ಇಲ್ಲ. ಸೊಂಟಕ್ಕೂ ಈ ಸೀಟು ಹಿತವಾಗಿದೆ.”

ಅಕ್ಕಾ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. “ಇಂಜಿನ್ ಮುಟ್ಟಲ್ವಲ್ಲೋ, ಬರೀ ರೇಡಿಯೋ! ಅಡುಗೆಮನೆ ರೇಡಿಯೋಗೆ ಎರಡು ಸೆಲ್ಲು ಹಾಕಿದ್ರೆ ಮೂರು ತಿಂಗಳು ಬರತ್ತೆ. ಇಷ್ಟು ದಪ್ಪ ಬ್ಯಾಟರಿಗೆ ಇದ್ಯಾವ ಲೆಕ್ಕ?” ಎಂದು ನನ್ನನ್ನೇ ಕೇಳಿದರು. ಕೀಲಿಯನ್ನು ಒಂದು ಹೆಜ್ಜೆ ತಿರುಗಿಸಿದರೆ ರೇಡಿಯೊ ಒಂದೇ ಅಲ್ಲ, ಕಾರಿನ ಅರ್ಧ ಮನೆ ಎದ್ದು ಕೂರುತ್ತದೆ ಎಂದು ಹೇಳಿದೆ. ದಿನಾ ಎರಡು ಗಂಟೆ ಖರ್ಚು. ಕಾರು ಓಡಿದರೆ ತಾನೆ ಜಮಾ ಆಗುವುದು? ಓಡುವುದೇ ಇಲ್ಲ. ಮೇಲಾಗಿ, ಈ ಮಾಮೂಲಿ ಬ್ಯಾಟರಿಗಳು ಒಂದೇ ಏಟಿಗೆ ಜೋರಾಗಿ ಕೊಟ್ಟು ಇಂಜಿನ್ ಎಬ್ಬಿಸುವುದಕ್ಕೆ ಮಾಡಿದಂಥವು. ಸ್ವಲ್ಪ ಸ್ವಲ್ಪವಾಗಿ ತಳದವರೆಗೆ ಬಸಿದರೆ ಒಳಗಿನ ಸೀಸದ ಹಲಗೆಗಳ ಮೇಲೆ ಬಿಳಿ ಹಿಟ್ಟು ಕಟ್ಟುತ್ತದೆ, ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಸೀತಮ್ಮನವರ ಮುಖ ಸಣ್ಣಗಾಯಿತು. “ಹಾಗಾದ್ರೆ ಮೂರನ್ನೂ ಕೊಂದೋಳು ನಾನೇನಾ? ಆ ಮನುಷ್ಯನಿಗೆ ಅಷ್ಟೊಂದು ಬೈದ್ನಲ್ಲೋ,” ಅಂದರು. ರೇಡಿಯೊ ಆರಿಸಿದರು, ಸೀಟು ಸರಿಮಾಡಿದರು, ಚಪ್ಪಲಿ ಹಾಕಿಕೊಂಡರು. “ಅವರಿಗೆ ಹೇಳ್ಬೇಡ. ಇನ್ಮೇಲೆ ಕೂರಲ್ಲ ಬಿಡು,” ಎಂದು ಸೆರಗು ಕೊಡವಿಕೊಂಡು ಒಳಗೆ ಹೋದರು. ಹೋಗುತ್ತಿದ್ದ ಹಾಗೇ ಮೇಲಿನಿಂದ ಕೂಗು ಕೇಳಿಸಿತು, “ಸೀತಾ, ನನ್ನ ಮಾತ್ರೆ ಎಲ್ಲಿ?”

ನನಗೆ ಬೇಕಾದ ಉತ್ತರ ಸಿಕ್ಕಿತ್ತು. ಅವರು ಕೂರದಿದ್ದರೆ ಯಾವ ಬ್ಯಾಟರಿಯಾದರೂ ನಡೆಯುತ್ತದೆ, ಆಯುಧಪೂಜೆಗೆ ಕಾರು ಏಳುತ್ತದೆ, ನನ್ನ ಕೆಲಸ ಮುಗಿಯಿತು. ಆದರೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ಮನಸ್ಸು ಒಪ್ಪಲಿಲ್ಲ. ಆ ಕಾರನ್ನು ದಿನಾ ಬಳಸುವವರು ಅವರೊಬ್ಬರೇ. ಬ್ಯಾಟರಿ ಆರಿಸಬೇಕಾದರೆ ಬಳಸುವವರನ್ನು ನೋಡಿ ತಾನೆ ಆರಿಸಬೇಕು? ಲಿಥಿಯಂ ಎಂದು ಹೊಸ ಥರದ್ದು ಬಂದಿದೆ, ಎತ್ತಿದರೆ ಹತ್ತಿಯಷ್ಟು ಹಗುರ. ಆದರೆ ಈ ಹಳೇ ಕಾರಿನ ಚಾರ್ಜಿಗೆ ಅದು ಸರಿಹೊಂದುತ್ತದೆ ಎಂದು ನನಗೆ ಧೈರ್ಯ ಬರಲಿಲ್ಲ. ಕೊನೆಗೆ, ಆಸಿಡ್ಡು ತುಳುಕದಂತೆ ಗಾಜಿನ ನೂಲಿನ ಹಾಸಿನಲ್ಲಿ ಹೀರಿಸಿಟ್ಟಿರುವ ಬ್ಯಾಟರಿ ತರಿಸಿದೆ. ಬಸಿದರೂ ಬೇಗ ಹಾಳಾಗುವುದಿಲ್ಲ, ಅಳತೆಯೂ ಸರಿ, ಪೈಪೂ ಇದೆ. ಜೊತೆಗೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಚಾರ್ಜರೊಂದು. ತುಂಬಿದ ಮೇಲೆ ತಾನೇ ಸುಮ್ಮನಾಗುತ್ತದೆ, ಕಡಿಮೆಯಾದರೆ ತಾನೇ ಕೊಡುತ್ತದೆ. ಗಂಗಪ್ಪನವರು “ನಿಂತಿರೋ ಕಾರಿಗೆ ಇಷ್ಟೊಂದು ಉಪಚಾರ ಯಾಕೋ?” ಅಂದರು. ಪಟ್ಟಾಭಿರಾಮರು ಕನ್ನಡಕದ ಮೇಲಿನಿಂದ ನೋಡಿ ಅದನ್ನೇ ಕೇಳಿದರು. “ಸಾರ್, ಇದು ನಿಂತ್ಕೊಂಡೇ ಜಾಸ್ತಿ ಕೆಲಸ ಮಾಡೋ ಕಾರು,” ಎಂದಷ್ಟೇ ಹೇಳಿದೆ. ಸೀತಮ್ಮನವರಿಗೆ ಮಾತ್ರ ಚಾರ್ಜರಿನ ಹಸಿರು ದೀಪ ತೋರಿಸಿ, “ಇದು ಉರೀತಿದ್ರೆ ಎಷ್ಟೊತ್ತು ಬೇಕಾದ್ರೂ ಕೂರಬಹುದಮ್ಮಾ,” ಎಂದು ಪಿಸುಗುಟ್ಟಿದೆ. ಅವರು ಕೇಳಿಸದವರ ಹಾಗೆ ರಂಗೋಲಿ ಡಬ್ಬಿ ಹುಡುಕಿದರು.

ಆಯುಧಪೂಜೆಯ ದಿನ ನನ್ನನ್ನೂ ಕರೆದಿದ್ದರು. ಕಾರಿಗೆ ಚೆಂಡುಹೂವಿನ ಹಾರ, ಬಾಳೆಕಂದು, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಭಾನುಪ್ರಕಾಶ್ ಹೊಸ ಶರ್ಟು ಹಾಕಿಕೊಂಡು ಬಂದು ಗೇಟಿನ ಹತ್ತಿರ ನಿಂತಿದ್ದರು. ಪಟ್ಟಾಭಿರಾಮರು ಕೀಲಿಯನ್ನು ಹಳದಿ ಬಟ್ಟೆಯಿಂದ ಒಮ್ಮೆ ಒರೆಸಿ ತಿರುಗಿಸಿದರು. ನನ್ನ ಕಾಲೂ ಆಗ ಅಲ್ಲಾಡಲಿಲ್ಲ ಅಕ್ಕಾ. ಒಂದೇ ಏಟಿಗೆ ಇಂಜಿನ್ ಎದ್ದಿತು! ಅದರ ಜೊತೆಗೇ ರೇಡಿಯೊ ಕೂಡ ಜೋರಾಗಿ ಹಾಡತೊಡಗಿತು, ಅವತ್ತು ಮಧ್ಯಾಹ್ನ ನಾನು ಕೇಳಿದ್ದ ಅದೇ ಸ್ಟೇಷನ್ನು. ಬ್ಯಾಟರಿ ಬದಲಾಯಿಸಿದರೆ ಆ ಹಳೇ ರೇಡಿಯೊ ಹಿಂದಿನದೆಲ್ಲ ಮರೆತುಬಿಡುತ್ತದೆ. ಅಂದರೆ ಹೊಸದು ಹಾಕಿದ ಮೇಲೆ ಸೀತಮ್ಮ ಮತ್ತೆ ಬಂದು ಕೂತಿದ್ದಾರೆ! ನನಗೆ ಒಳಗೊಳಗೇ ಖುಷಿಯಾಯಿತು, ಅವರ ಗುಟ್ಟು ರಟ್ಟಾಗುತ್ತದಲ್ಲ ಎಂದು ಭಯವೂ ಆಯಿತು. ಪಟ್ಟಾಭಿರಾಮರು ಸ್ಟೀರಿಂಗ್ ಹಿಡಿದುಕೊಂಡೇ ರೇಡಿಯೊ ಕಡೆ ಬಗ್ಗಿ ನೋಡಿದರು. “ಈ ಕಾರಲ್ಲಿ ರೇಡಿಯೋ ಇದೆ ಅನ್ನೋದೇ ಮರೆತಿದ್ದೆ ಸೀತಾ,” ಅಂದರು. ಸೀತಮ್ಮ ಬಾಗಿಲು ತೆಗೆದು ಪಕ್ಕದಲ್ಲಿ ಕೂತರು. ಅವರ ಕೈ ನೋಡದೇನೇ ಸೀಟಿನ ಕೆಳಗಿನ ಹಿಡಿಗೆ ಹೋಯಿತು, ಸೀಟು ಹಿಂದಕ್ಕೆ ಬಾಗಿತು. ಪಟ್ಟಾಭಿರಾಮರು ಅದನ್ನೂ ನೋಡಿದರು. ಗೇರು ಹಾಕಿದರು. ನಿಂಬೆಹಣ್ಣು ಪಚಕ್ಕೆಂದವು, ಕಾರು ಆಚೆ ಹೋಯಿತು, ಭಾನುಪ್ರಕಾಶ್ ಸಪ್ಪೆ ಮುಖ ಮಾಡಿಕೊಂಡು ಪುಳಿಯೋಗರೆ ತಿಂದು ಮನೆಗೆ ಹೋದರು.

ನಿನ್ನೆ ಬ್ಯಾಟರಿ ನೋಡಿ ಬರಲು ಹೋಗಿದ್ದೆ. ತುಂಬಿಕೊಂಡಿದೆ. ಸೀತಮ್ಮ ಕಾಫಿ ಕೊಡುತ್ತಾ ಮೆಲ್ಲಗೆ ಹೇಳಿದರು: “ಒಂದು ಮಾತೂ ಕೇಳ್ಲಿಲ್ಲ ಕಣೋ. ದಿನಾ ಊಟ ಆದ್ಮೇಲೆ ತಾವೇ ಹೋಗಿ ಪ್ಲಗ್ ಹಾಕಿ, ದೀಪ ಹಸಿರಾಗಿದ್ಯಾ ನೋಡಿ, ಆಮೇಲೆ ಮಲಗೋಕೆ ಹೋಗ್ತಾರೆ. ಮಾತ್ರೆ ಡಬ್ಬಿ ತಾವೇ ಮೇಲಕ್ಕೆ ತಗೊಂಡು ಹೋಗ್ತಾರೆ. ಶೆಡ್ಡಿಗೆ ಸೊಳ್ಳೆಬತ್ತಿ ಬೇರೆ ತಂದಿಟ್ಟಿದಾರೆ.”

ಇಷ್ಟೇ ಅಕ್ಕಾ, ಈ ಅಂಗಡಿ ಬಿಡದೇ ಇರುವುದಕ್ಕೆ ಕಾರಣ. ಒಂದು ವಸ್ತು ಯಾಕೆ ಸಾಯುತ್ತದೆ ಎಂದು ಹುಡುಕಿಕೊಂಡು ಹೋದರೆ ಎಲ್ಲೆಲ್ಲಿಗೋ ಹೋಗಿ ತಲುಪುತ್ತೇವೆ, ಕಾಲಿಗೂ ತಿರುಗಾಟ ಸಿಗುತ್ತದೆ. ಭಾವನಿಗೆ, ಅತ್ತೆಗೆ ನಮಸ್ಕಾರ ತಿಳಿಸು. ಆದರೆ ಕಾಗದ ಬಂತೆಂದು ಹೇಳಬೇಡ, ಕನಸಿನಲ್ಲಿ ಬಂದು ತಿಳಿಸಿದ ಅನ್ನು. ನಿನ್ನ ಮುದ್ದು ಮಗಳು ಪುಟ್ಟಿಯ ಗಲ್ಲಕ್ಕೆ ನನ್ನ ಪರವಾಗಿ ಒಂದು ಮುತ್ತು. ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡ.

ನಿನ್ನ ಆಶೀರ್ವಾದ ಬೇಡುವ ತಮ್ಮ,
ಸಂಗಣ್ಣ

ತಾ.ಕ.: ಅಂಚೆ ಡಬ್ಬಿಯ ಕಾಗದ ತೆಗೆಯುವವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸೀತಮ್ಮನವರನ್ನು ಕಾರಿನಲ್ಲಿ ನೋಡಿದಾಗಿನಿಂದ ಒಂದೇ ಯೋಚನೆ. ನೀನು ಎಲ್ಲಿ ಕೂರುತ್ತೀ ಅಕ್ಕಾ? ಯಾರೂ ಕರೆಯದ ಜಾಗ ಆ ಮನೆಯಲ್ಲಿ ನಿನಗೆ ಎಲ್ಲಾದರೂ ಇದೆಯಾ? ಅವ್ವ ಹೋದ ಮೇಲೆ ತವರೆಂದು ಒಂದು ಬಾಗಿಲೂ ಉಳಿಯಲಿಲ್ಲ, ನಾನೂ ಊರೂರು ಅಲೆದೆ. ಈಗ ಎರಡು ಕೋಣೆಯ ಮನೆ ಹಿಡಿದಿದ್ದೇನೆ. ಹನ್ನೊಂದು ತಿಂಗಳ ಕರಾರು, ಅಷ್ಟು ದಿನ ಎಲ್ಲೂ ಓಡಿಹೋಗುವ ಹಾಗಿಲ್ಲ. ಕಿಟಕಿಯ ಪಕ್ಕ ನಿನಗೊಂದು ಮಂಚ ಹಾಕಿಸಿದ್ದೇನೆ, ಮನೆ ಮಾಲೀಕರಾದ ಈಶ್ವರಮ್ಮನವರಿಗೂ ಅಕ್ಕ ಬರುತ್ತಾಳೆಂದು ಹೇಳಿಬಿಟ್ಟಿದ್ದೇನೆ. ದೀಪಾವಳಿಗೆ ಪುಟ್ಟಿಯನ್ನು ಕರೆದುಕೊಂಡು ಬಾ. ನಾಳೆಯಲ್ಲ, ಮುಂದಿನ ಶುಕ್ರವಾರ, ೧೭ನೇ ತಾರೀಕು ಸಂಜೆ ಏಳಕ್ಕೆ ನಾನೇ ಭಾವನಿಗೆ ಫೋನ್ ಮಾಡಿ ಕೇಳುತ್ತೇನೆ. ಸ್ಪೀಕರಿನಲ್ಲೇ ಇರಲಿ, ಎಲ್ಲರಿಗೂ ಕೇಳಲಿ. ನೀನು ಪಕ್ಕದಲ್ಲಿ ನಿಂತು “ಹೂಂ” ಅಂದರೆ ಸಾಕು.