ನಿನ್ನ ಪಾಡ್‌ಕಾಸ್ಟ್‌ನಲ್ಲಿ ಅಮ್ಮನ ದನಿ

ನಜ್ಮಾ,

ಪ್ರೀತಿಯ ತಂಗಿ ಎಂದು ಬರೆಯಲು ಕೈ ಬರಲಿಲ್ಲ. ಹೇಗೂ ಇದನ್ನು ನಿನಗೆ ಕಳಿಸುವುದಿಲ್ಲ.

ಇವತ್ತು ಗಾಬೆಸ್ ಊರಿನ ನಮ್ಮ ಮನೆಯಲ್ಲಿ ಕುಸ್ಕುಸ್ ಆವಿಗಿಟ್ಟು ನಿನ್ನ ಪಾಡ್‌ಕಾಸ್ಟ್ ಹಾಕಿದೆ. ಬ್ರೆಜಿಲಿನವಳೊಬ್ಬಳು, ಲಂಡನ್ನಿನವನೊಬ್ಬ, ನೀನು ಪ್ಯಾರಿಸ್ಸಿನಲ್ಲಿ ಕೂತು ಫ್ರೆಂಚಿನಲ್ಲಿ ಕಪ್ಪು ಜನ ಅಂದರೆ ಯಾರು ಎಂದು ಮಾತಾಡಿದಿರಿ. ಕೊನೆಗೆ ನೀನು ಒಂದು ಮದುವೆ ಹಾಡು ಕೇಳಿಸಿ, "ಇದು ನನ್ನಮ್ಮನ ದನಿ, ಇದನ್ನು ಕೇಳುತ್ತಲೇ ಬೆಳೆದೆ" ಎಂದು ಮೂಗೆಳೆದುಕೊಂಡೆ.

ಎಲ್ಲಿ ಕೇಳಿದ್ದೆ? ನಮ್ಮ ಮುತ್ತಜ್ಜಂದಿರನ್ನು ಗುಲಾಮರಾಗಿಟ್ಟುಕೊಂಡಿದ್ದ ಮನೆತನಗಳ ಮದುವೆಗಳಲ್ಲಿ ಅಮ್ಮ ಡೋಲು ಬಡಿದು ಹಾಡುವಾಗ ದನಿಗೂಡಿಸುತ್ತಿದ್ದವಳು ನಾನು. ನೀನು ಬೀದಿಯಾಚೆ ನಿಲ್ಲುತ್ತಿದ್ದೆ. ಯಾರ ಮಗಳೆಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಅಮ್ಮನ ಹಾಡುವ ಗಂಟಲು ಹೋಗಿ ಎಷ್ಟೋ ಕಾಲವಾಯಿತು. ಹೋದ ಬೇಸಿಗೆಯಲ್ಲಿ ನಾನು ರೆಕಾರ್ಡ್ ಮಾಡಿ ನಿನಗೆ ಕಳಿಸಿದ ಆ ಹಾಡಿನಲ್ಲಿರುವುದು ನನ್ನ ದನಿ, ನಾಚಿಕೆಗೆಟ್ಟವಳೇ.

ಅಮ್ಮನಿಗೆ ಫ್ರೆಂಚ್ ಬರುವುದಿಲ್ಲ. ಹಾಡು ಬಂದಾಗ ಮಾತ್ರ ಕಿವಿಗೊಟ್ಟಳು.

"ಇದು ನಿನ್ ದನಿ ಅಲ್ವೇನೇ, ಮಬ್ರೂಕಾ? ಅವ್ಳು ಏನಂತಿದಾಳೆ?"

"ನನ್ನಮ್ಮನ ದನಿ ಅಂತಿದಾಳೆ. ತಾಳು, ಈಗ್ಲೇ ಫೋನ್ ಮಾಡಿ ಉಗೀತೀನಿ."

ಅಮ್ಮ ಫೋನ್ ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಬೇಡ ಕಣೇ. ನಾಲ್ಕು ಜನರ ಮುಂದೆ ನನ್ನ ಅಮ್ಮ ಅಂತ ಅವ್ಳು ಹೇಳಿರೋದು ಇವತ್ತೇ ಮೊದ್ಲು."