ಎಂಟಡಿ ಬೋರ್ಡು, ಬೆರಳುದ್ದದ ಹೂವು

ಮಾನ್ಯ ಅರಣ್ಯ ಸಂರಕ್ಷಣಾಧಿಕಾರಿಗಳೇ,

ತಾವು ಸಂರಕ್ಷಿಸಿದ್ದು ಸಾಕು. ಇನ್ನು ದಯಮಾಡಿ ನಿಲ್ಲಿಸಬೇಕು. "ಅಪರೂಪದ ಕಾಡು ಆರ್ಕಿಡ್ ಇಲ್ಲಿದೆ, ಕಾಪಾಡಿ" ಎಂದು ಬರೆಸಿ, ಕೆಳಗೆ ಕೆಂಪು ಬಾಣದ ಗುರುತು ಹಾಕಿಸಿ, ಬೆಟ್ಟದ ಕಾಲುದಾರಿಯಲ್ಲಿ ತಮ್ಮ ಕಚೇರಿ ನಿಲ್ಲಿಸಿರುವ ಎಂಟಡಿ ಅಗಲದ ಬೋರ್ಡನ್ನು ಇನ್ನು ಹದಿನಾಲ್ಕು ದಿನಗಳೊಳಗೆ ಅಲ್ಲಿಂದ ಕೀಳಿಸಬೇಕೆಂದು ಕೇಳಲು ಈ ಪತ್ರ. ಯಾವ ಬೆಟ್ಟ, ಯಾವ ತಿರುವು ಎಂದು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಅನುಭವಿಸಿದ್ದೇನೆ. ತಮಗಂತೂ ಗೊತ್ತೇ ಇದೆ, ಅದೇ ಈಗಿನ ತೊಂದರೆ.

ನಾನು ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದವನು. ವಾರಕ್ಕೆ ಆರು ದಿನ "ಗಲ್ಲ ಸ್ವಲ್ಪ ಕೆಳಗೆ, ನಗಬೇಡಿ" ಎಂದು ಹೇಳುತ್ತಾ ಪಾಸ್‌ಪೋರ್ಟ್ ಅಳತೆಯ ಮುಖಗಳನ್ನು ತೆಗೆಯುತ್ತೇನೆ. ಏಳನೆಯ ದಿನ ಬೆಟ್ಟ ಹತ್ತಿ, ಗಲ್ಲವೇ ಇಲ್ಲದವರ ಚಿತ್ರ ತೆಗೆಯುತ್ತೇನೆ. ಕಾಡು ಆರ್ಕಿಡ್ ಎಂದರೆ ಹೂವಿನಂಗಡಿಯಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿರುವ ನೇರಳೆ ಬಣ್ಣದ ಗೊಂಚಲು ಎಂದು ತಾವು ತಿಳಿದಿದ್ದರೆ ತಪ್ಪು ತಮ್ಮದಲ್ಲ. ನಮ್ಮ ಬೆಟ್ಟದ್ದು ನೆಲದಲ್ಲಿ ಹುಟ್ಟುವಂಥದ್ದು, ಬೆರಳುದ್ದ, ಹುಲ್ಲಿನದೇ ಬಣ್ಣ. ವರ್ಷಕ್ಕೆ ಒಂಬತ್ತೋ ಹತ್ತೋ ದಿನ ಮುಖ ತೋರಿಸಿ ಮತ್ತೆ ಗೆಡ್ಡೆಯೊಳಗೆ ಹೋಗಿ ಮಲಗಿಬಿಡುತ್ತದೆ. ಹುಡುಕಿದರೆ ಸಿಗುವುದಿಲ್ಲ, ಸುಸ್ತಾಗಿ ಕೂತಾಗ ಮೊಣಕೈ ಪಕ್ಕದಲ್ಲೇ ಇರುತ್ತದೆ. ಆಮೇಲೆ ಹೊಟ್ಟೆಯ ಮೇಲೆ ಮಲಗಿ, ಗಾಳಿಗೆ ಕೊಡೆ ಅಡ್ಡ ಹಿಡಿದು, ಉಸಿರು ಕಟ್ಟಿ ಕಾಯಬೇಕು. ದಾರಿಹೋಕರು ಹೆಣವೆಂದು ತಿಳಿದು ಎರಡು ಸಲ ನನ್ನನ್ನು ಮುಟ್ಟಿ ನೋಡಿದ್ದಾರೆ.

ಈ ಹುಚ್ಚಿನವರಲ್ಲಿ ಒಂದು ಕಟ್ಟುಪಾಡಿದೆ. ಯಾವ ಲೆನ್ಸ್, ಯಾವ ದಿನ, ಎಷ್ಟು ಹೊತ್ತು ಮಲಗಿದ್ದೆ ಎಂಬುದನ್ನೆಲ್ಲ ಹೇಳುತ್ತೇವೆ, ಸ್ವಲ್ಪ ಉಪ್ಪುಖಾರ ಸೇರಿಸಿಯೇ ಹೇಳುತ್ತೇವೆ. ಜಾಗ ಮಾತ್ರ ಕಟ್ಟಿಕೊಂಡ ಹೆಂಡತಿಗೂ ಹೇಳುವುದಿಲ್ಲ. ಚಿತ್ರದಲ್ಲಿ ಗುರುತಿನ ಬಂಡೆಯೋ ಮೈಲಿಗಲ್ಲೋ ಬಂದಿದ್ದರೆ ಕತ್ತರಿಸಿ ಎಸೆಯುತ್ತೇವೆ.

ನನಗೆ ಈ ಜಾಗ ತೋರಿಸಿದವಳು ನನ್ನ ಅಕ್ಕ. ಮೂವತ್ತೊಂದು ವರ್ಷ ಮೇಲಿನ ಹಳ್ಳಿಗಳಿಗೆ ನಡೆದುಕೊಂಡೇ ಅಂಚೆ ಹಂಚಿದವಳು. ಒಂದು ದಿನ ಚಪ್ಪಲಿಯ ಪಟ್ಟಿ ಕಿತ್ತುಹೋಗಿ ದಾರಿಬದಿ ಕೂತಾಗ ಏಳು ಗಿಡ ಕಂಡಳಂತೆ. ಹೂವಿನ ಕೆಳದಳದಲ್ಲಿ ಎರಡು ಕಡೆ ಇಳಿಬಿದ್ದ ಕುಚ್ಚು. ನೋಡಿ ನಕ್ಕು, ಮೀಸೆಮಾವ ಎಂದು ಹೆಸರಿಟ್ಟಳು. ಹತ್ತೊಂಬತ್ತು ವರ್ಷ ಒಂದು ನರಪಿಳ್ಳೆಗೂ ಹೇಳಲಿಲ್ಲ. ಒಬ್ಬರ ವಿಳಾಸವನ್ನು ಇನ್ನೊಬ್ಬರಿಗೆ ಕೊಡುವುದು ಅಂಚೆಯವರ ಕೆಲಸವಲ್ಲ ಎಂಬುದು ಅವಳ ವಾದ. ಮಂಡಿ ಕೈಕೊಟ್ಟ ಮೇಲೆ, ಬೇರೆ ದಾರಿಯಿಲ್ಲದೆ, ಕೋಲೂರಿಕೊಂಡು ಬಂದು ನನಗೆ ತೋರಿಸಿದಳು. ಅಲ್ಲೇ ನಿಲ್ಲಿಸಿ ಹೇಳಿದಳು.

"ನಿನ್ನ ಬಾಯಿ ಬಸ್‌ಸ್ಟ್ಯಾಂಡ್ ಇದ್ದಂಗೆ ಕಣೋ, ಯಾರು ಬೇಕಾದ್ರೂ ಹತ್ತಿ ಇಳೀತಾರೆ. ಇದೊಂದು ವಿಷಯದಲ್ಲಿ ಬಾಗಿಲು ಹಾಕ್ಕೊಂಡಿರು."

ಎಂಟು ವರ್ಷ ಹಾಕಿಕೊಂಡೇ ಇದ್ದೆ. ಪ್ರತಿ ವರ್ಷ ನಾನು ಬೆಟ್ಟದಿಂದ ಇಳಿಯುತ್ತಲೇ ಸ್ಟುಡಿಯೋದ ಕೌಂಟರ್‌ನಲ್ಲಿ ಕೂತ ಅಕ್ಕ ಕೇಳುತ್ತಿದ್ದುದು ಒಂದೇ ಮಾತು: "ಮಾವ ಬಂದ್ನಾ?" ನಾನು ಚಿತ್ರ ಕೊಡುತ್ತಿದ್ದೆ, ಅವಳು ಅದನ್ನು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸುತ್ತಿದ್ದಳು. ಎಂಟು ಚಿತ್ರಗಳಿವೆ. ಒಂಬತ್ತನೆಯದಕ್ಕೆ ಜಾಗ ಬಿಟ್ಟಿದ್ದಾಳೆ.

ಹೀಗಿರುವಾಗ ತಮ್ಮ ಘನ ಕಚೇರಿಯಿಂದ "ನಾಡಹೂಗಳ ಗಣತಿ" ಎಂಬ ಪ್ರಕಟಣೆ ಹೊರಟಿತು. ಹದಿನಾಲ್ಕು ಕಾಲಮಿನ ಅರ್ಜಿ, ಆಯ್ಕೆಯಾದವರಿಗೆ ಪ್ರಶಸ್ತಿಪತ್ರ. ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ನಾನು ಚಿತ್ರ ಹಿಡಿದು ತಮ್ಮ ಕಚೇರಿಯ ಕಿಟಕಿಗೆ ಬಂದೆ. ಒಂಬತ್ತನೇ ಕಾಲಮು, "ನಿಖರವಾದ ಸ್ಥಳ". ಅದನ್ನು ಖಾಲಿ ಬಿಟ್ಟಿದ್ದೆ. ತಮ್ಮ ಗುಮಾಸ್ತರು ಒಳ್ಳೆಯವರು, ಮೂರು ಸಲ ವಾಪಸ್ ಕೊಟ್ಟರು, ಮೂರು ಸಲವೂ ನಗುನಗುತ್ತಲೇ. ಖಾಲಿ ಬಿಟ್ಟರೆ ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲವಂತೆ. ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ ಎನ್ನುತ್ತಾ ನನ್ನ ಕಣ್ಣೆದುರೇ "ಗೌಪ್ಯ" ಎಂಬ ಕೆಂಪು ಮೊಹರು ಒತ್ತಿದರು. ಬರೆದುಬಿಟ್ಟೆ. ಗಿಣಿ ಸಾಕಿ ಗಿಡುಗನ ಬಾಯಿಗೆ ಕೊಟ್ಟೆ. ಅದೂ ಮೂರು ಪ್ರತಿಗಳಲ್ಲಿ.

ತಮ್ಮ ಕಚೇರಿಯಲ್ಲಿ ಗೌಪ್ಯ ಎಂದರೆ ಏನರ್ಥ, ಸ್ವಾಮಿ? ಎಂಟಡಿ ಅಗಲ ಎಂದೇ? ಬಹಿರಂಗ ಎಂದು ಮೊಹರು ಒತ್ತಿದ್ದರೆ ಎಷ್ಟಡಿ ಆಗುತ್ತಿತ್ತು? ಬೆರಳುದ್ದದ ಮಾವನ ಚಿತ್ರವನ್ನು ಕುಂಬಳಕಾಯಿಯಷ್ಟು ಹಿಗ್ಗಿಸಿ ಬೋರ್ಡಿನ ಮೇಲೆ ಹಾಕಿಸಿದಿರಿ. ಅದನ್ನು ನೋಡಿ ಬಂದವರು ಕುಂಬಳಕಾಯಿ ಗಾತ್ರದ ಹೂವನ್ನೇ ಹುಡುಕುತ್ತಾ ಮರಗಳ ಮೇಲೆ ಕಣ್ಣಾಡಿಸಿದರು, ಕಾಲಡಿ ನೋಡಿದವರು ಕಡಿಮೆ. ಇನ್ನು ಬೋರ್ಡಿನ ಕಂಬಕ್ಕೆ ಗುಂಡಿ ತೋಡಬೇಕಲ್ಲ. ಇಡೀ ಬೆಟ್ಟದಲ್ಲಿ ಗುಂಡಿಗೆ ಸಿಕ್ಕ ಮೆತ್ತಗಿನ ನೆಲ ಒಂದೇ, ಮಾವಂದಿರು ಕೂತಿದ್ದ ನೆಲ. ಏಳರಲ್ಲಿ ನಾಲ್ಕು ಗಿಡ ಎಡಗಂಬದ ಸಿಮೆಂಟಿನೊಳಗೆ ಹೋದವು. ಅವುಗಳ ಸಂರಕ್ಷಣೆ ಶಾಶ್ವತವಾಯಿತೆಂದು ವರದಿಯಲ್ಲಿ ಬರೆದುಕೊಳ್ಳಬಹುದು. ಎರಡನ್ನು, ಬಾಣ ತೋರಿಸಿದ ದಿಕ್ಕನ್ನು ನಂಬುವ ಯಾರೋ ಪುಣ್ಯಾತ್ಮರು ಬೇರುಸಮೇತ ಎತ್ತಿಕೊಂಡು ಹೋದರು. ಕುಂಡದಲ್ಲಿ ಅವು ಒಂದು ವಾರ ಬದುಕಿದ್ದರೆ ಹೆಚ್ಚು.

ಉಳಿದದ್ದು ಒಂದೇ. ಅದು ಮೊಗ್ಗಾಗಿ ಅರಳುವ ಹೊತ್ತಿಗೆ ಸರಿಯಾಗಿ ತಾವು ಬೋರ್ಡಿನ ಉದ್ಘಾಟನೆಗೆ ದಯಮಾಡಿಸಿದಿರಿ. ದಿನ ನಿಶ್ಚಯ ಮಾಡಿದ್ದೂ ನನ್ನ ಅರ್ಜಿಯ ಹತ್ತನೇ ಕಾಲಮು, "ಹೂ ಬಿಡುವ ಕಾಲ", ನೋಡಿಯೇ ಎಂದು ಕೇಳಿ ಸಂತೋಷವಾಯಿತು. ಆ ಸಮಾರಂಭದ ಚಿತ್ರ ಈಗ ತಮ್ಮ ಕುರ್ಚಿಯ ಹಿಂದಿನ ಗೋಡೆಯಲ್ಲಿ ಕಟ್ಟುಹಾಕಿಸಿಕೊಂಡು ನೇತಾಡುತ್ತಿದೆ. ದಯವಿಟ್ಟು ಒಮ್ಮೆ ತಿರುಗಿ ನೋಡಿ. ತಾವು ಕತ್ತರಿ ಹಿಡಿದಿದ್ದೀರಿ, ರಿಬ್ಬನ್ ಚೆನ್ನಾಗಿ ಬಂದಿದೆ. ಈಗ ಕಣ್ಣು ಕೆಳಗಿಳಿಸಿ. ತಮ್ಮ ಬಲಗಾಲಿನ ಬೂಟಿನ ಅಂಚಿನಲ್ಲಿ ಹಸಿರು ದಾರದಂತೆ ಏನೋ ಕಾಣುತ್ತದೆಯಲ್ಲ, ಅದರ ತುದಿಯಲ್ಲಿ ಚೂರು ಕುಚ್ಚು? ಅದು ಮಾವನ ಮೀಸೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಇಲ್ಲಿಯವರೆಗೆ ಬರೆದು, ಚಹಾ ಕುಡಿದು, ಪತ್ರ ಮುಗಿಸಿಬಿಡೋಣ ಎಂದುಕೊಂಡೆ. ಆದರೆ ಒಂದು ಮಾತು ಬಿಟ್ಟರೆ ನಾನೂ ತಮ್ಮ ಕಚೇರಿಯ ವರದಿಯಂತಾಗುತ್ತೇನೆ. ಆ ಚಿತ್ರ ತೆಗೆದವನು ನಾನೇ. ಹಾರ ಹಾಕಿಸಿಕೊಂಡು, ಪ್ರಶಸ್ತಿಪತ್ರ ಕಂಕುಳಲ್ಲಿ ಇಟ್ಟುಕೊಂಡು ಕ್ಯಾಮೆರಾ ಹಿಡಿದಿದ್ದೆ. ಆ ಗಿಡದ ಪಕ್ಕ ಬೆಳಿಗ್ಗೆ ಒಂದು ಕಡ್ಡಿಯನ್ನೂ ನೆಟ್ಟು ಗುರುತು ಮಾಡಿಕೊಂಡಿದ್ದೆ. ಆದರೆ ಎಂಟಡಿ ಬೋರ್ಡು ಏನು ಮಾಡಿದರೂ ಚೌಕಟ್ಟಿನೊಳಗೆ ಬರಲಿಲ್ಲ. ತಾವು ಸ್ವಲ್ಪ ಮುಂದೆ ನಿಂತಿದ್ದಿರಿ, ಬೋರ್ಡಿನ ಬರಹದ ಅರ್ಧ ಮುಚ್ಚಿತ್ತು. ಹೂವು, ಕಡ್ಡಿ, ಅಕ್ಕ, ಎಲ್ಲ ಮರೆತೇಹೋಯಿತು. ತಲೆಯಲ್ಲಿ ಇದ್ದುದು ಬರೀ ಚೌಕಟ್ಟು. ಮೂವತ್ತು ವರ್ಷದ ಅಭ್ಯಾಸದಿಂದ ಬಾಯಿ ತಾನೇ ಹೇಳಿತು: "ಸರ್, ಒಂದು ಹೆಜ್ಜೆ ಹಿಂದೆ." ತಾವು ಸಜ್ಜನರು, ಹೇಳಿದಷ್ಟೇ ಹಿಂದೆ ಹೋದಿರಿ. ಮಾಡಿದ್ದುಣ್ಣೋ ಮಹರಾಯ.

ಅಕ್ಕ ಆ ಚಿತ್ರವನ್ನು ಸ್ಟುಡಿಯೋದ ಭೂತಗನ್ನಡಿ ಇಟ್ಟು ನೋಡಿದಳು. ಬೂಟು ಸಿಕ್ಕಲು ಅವಳಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. "ಇವ್ರು ತಾವಾಗೇ ಅಲ್ಲಿ ನಿಂತ್ರಾ, ಯಾರಾದ್ರೂ ನಿಲ್ಸಿದ್ರಾ?" ಎಂದು ಕೇಳಿದಳು. ನಾನು ಲೆನ್ಸ್ ಒರೆಸುತ್ತಿದ್ದೆ, ಒರೆಸುತ್ತಲೇ ಇದ್ದೆ. ಅಂದಿನಿಂದ ಹನ್ನೊಂದು ತಿಂಗಳು ನನ್ನೊಡನೆ ಮಾತಿಲ್ಲ. ಹೇಳಬೇಕಾದದ್ದನ್ನು ಗಿರಾಕಿಗಳ ಮೂಲಕ ಹೇಳಿ ಕಳಿಸುತ್ತಾಳೆ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಒಳಗೆ ಬಂದು, "ಊಟ ಆರ್ತಾ ಇದೆಯಂತೆ" ಎಂದು ನನಗೆ ವರದಿ ಒಪ್ಪಿಸಿ, ಆಮೇಲೆ ಗಲ್ಲ ಕೆಳಗೆ ಮಾಡುತ್ತಾರೆ. ನಗಬೇಡಿ ಎಂದರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ, ಸ್ವಾಮಿ.

ತುಳಿದದ್ದು ದಂಟನ್ನು. ಕೆಳಗಿನ ಗೆಡ್ಡೆ ಬದುಕಿರಬಹುದು, ಇಲ್ಲದೆಯೂ ಇರಬಹುದು. ಬದುಕಿದ್ದರೆ ಮೊದಲ ಮಳೆಯ ಇಪ್ಪತ್ತನೇ ದಿನ ಮಾವ ತಲೆ ಎತ್ತುತ್ತಾನೆ. ಮಳೆ ಬಿದ್ದು ಇಂದಿಗೆ ಆರು ದಿನ. ಬೋರ್ಡು ಅಲ್ಲೇ ಇದ್ದರೆ ಮುನ್ನೂರು ಜೊತೆ ಚಪ್ಪಲಿ ಅವನಿಗಿಂತ ಮುಂಚೆ ಅಲ್ಲಿ ಹಾಜರಿರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಬೋರ್ಡನ್ನು ಒಡೆಯಬೇಡಿ, ಅಷ್ಟು ಚೆಂದದ ಬಣ್ಣ. ಗೆಡ್ಡೆ ಪಕ್ಕದಲ್ಲೇ ಇರುವುದರಿಂದ ಎಡಗಂಬದ ಬುಡ ಅಗೆಯದೆ ಮೇಲಿಂದಲೇ ಕತ್ತರಿಸಿ, ಬಾಣದ ಸಮೇತ ಎದುರಿನ ಗುಡ್ಡದ ನೀರಿನ ಟ್ಯಾಂಕಿನ ಪಕ್ಕ ನೆಡಿಸಿ. ಅಲ್ಲಿ ಹುಲ್ಲು ಬಿಟ್ಟರೆ ಏನೂ ಬೆಳೆಯುವುದಿಲ್ಲ. ಬರುವವರಿಗೆ ನಷ್ಟವಿಲ್ಲ, ಅವರು ಹೇಗೂ ಬೋರ್ಡಿನ ಜೊತೆಗೇ ಫೋಟೋ ತೆಗೆಸಿಕೊಳ್ಳುತ್ತಾರೆ. ಬೇಕಾದರೆ ಮರುಉದ್ಘಾಟನೆ ಮಾಡಿ, ಚಿತ್ರ ನಾನೇ ತೆಗೆದುಕೊಡುತ್ತೇನೆ. ಅಲ್ಲಿ ತಾವು ಎಷ್ಟು ಹೆಜ್ಜೆ ಬೇಕಾದರೂ ಹಿಂದೆ ಹೋಗಬಹುದು. ಮತ್ತು ಒಂಬತ್ತನೇ ಕಾಲಮನ್ನು ಅರ್ಜಿಯಿಂದ ಹೊಡೆದುಹಾಕಿ.

ಅಕ್ಕ ನಿನ್ನೆ ಗಿರಾಕಿಯೊಬ್ಬರ ಮೂಲಕ ನನಗೆ ತಿಳಿಸಿದ್ದು ಇಷ್ಟು: "ಈ ಸಲ ನಾನೇ ಹೋಗ್ತೀನಂತ ಹೇಳಿ ಅವನಿಗೆ. ಫೋಟೋ ಬೇಡ." ಆ ಮಂಡಿಯಲ್ಲಿ ಆ ಬೆಟ್ಟ. ಬೇಡ ಎನ್ನುವ ಧೈರ್ಯ ನನಗಿಲ್ಲ. ಕರೆದರೆ ಜೊತೆಗೆ ಹೋಗುತ್ತೇನೆ. ಕರೆಯದಿದ್ದರೆ ಕ್ಯಾಮೆರಾ ಮನೆಯಲ್ಲಿಟ್ಟು ಅವಳ ಹಿಂದೆ ನಡೆಯುತ್ತೇನೆ, ಅವಳು ಕಾಲಿಟ್ಟಲ್ಲೇ ಕಾಲಿಟ್ಟು. ಅಲ್ಲಿ ಮಾವ ಬಂದಿದ್ದರೆ ಅವಳು ನನಗೆ ಹೇಳಲೇಬೇಕಾಗುತ್ತದೆ. ಆ ತಿರುವಿನಲ್ಲಿ ಹೇಳಿ ಕಳಿಸಲು ಗಿರಾಕಿಗಳು ಯಾರೂ ಇರುವುದಿಲ್ಲ. ತಮ್ಮ ಬೋರ್ಡು ಇರದಿದ್ದರೆ.

ಇಂತಿ,
"ಸರ್, ಒಂದು ಹೆಜ್ಜೆ ಹಿಂದೆ" ಎಂದವನು